ಪುಷ್ಪಕ ವಿಮಾನ ವಿಜ್ಞಾನ ಕಥೆಯೇ?

ಪ್ರಶ್ನೆ: ವಿಜ್ಞಾನ ಕಥೆ ಹುಟ್ಟಿದ್ದು ಎಂದು? ಪುರಾಣದ ಪುಷ್ಪಕ ವಿಮಾನವನ್ನೂ ಹಾಗೆನ್ನಬಹುದೇ? – ಓದುಗರು, ಮಳವಳ್ಳಿ

ಉತ್ತರ: ಪುಷ್ಪಕ ವಿಮಾನ ಸೊಗಸಾದ ಕಲ್ಪನೆ, ಆದರೆ ಅದು ಹಾರುವುದು ದೈವಬಲದಿಂದ. ವಿಜ್ಞಾನ ಕಥೆಯಲ್ಲಿ ಅದ್ಭುತಕ್ಕೂ ಕಾರಣ ಬೇಕು, ಆ ಕಾರಣ ಆಗಿನ ವಿಜ್ಞಾನದ ನೆಲೆಯಲ್ಲಿ ನಂಬುವಂತಿರಬೇಕು.

ನಿಮ್ಮ ತಾಲ್ಲೂಕಿನ ಶಿವನಸಮುದ್ರವನ್ನೇ ನೋಡಿ. ಅಲ್ಲಿ ಧುಮುಕುವ ಕಾವೇರಿ ದೂರದ ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸುತ್ತದೆ ಎಂದು 1880ರಲ್ಲಿ ಯಾರಾದರೂ ಬರೆದಿದ್ದರೆ ಅದು ಅಪ್ಪಟ ವಿಜ್ಞಾನ ಕಥೆಯಾಗುತ್ತಿತ್ತು. 1902ರಲ್ಲಿ ಅದು ನಿಜವೇ ಆಯಿತು.

ಈ ಪ್ರಕಾರದ ಆರಂಭವನ್ನು ಬಹಳಷ್ಟು ವಿಮರ್ಶಕರು 1818ರ 'ಫ್ರಾಂಕನ್‌ಸ್ಟೈನ್' ಕಾದಂಬರಿಯಲ್ಲಿ ಗುರುತಿಸುತ್ತಾರೆ. ಸತ್ತ ಕಪ್ಪೆಯ ಕಾಲು ವಿದ್ಯುತ್ ತಗುಲಿದಾಗ ಮಿಡಿದದ್ದನ್ನು ಗಾಲ್ವಾನಿ ತೋರಿಸಿದ್ದ; ಆ ಕುರಿತ ಚರ್ಚೆಯ ಕಾಲದಲ್ಲೇ ಮೇರಿ ಶೆಲ್ಲಿ ಈ ಕಾದಂಬರಿ ಬರೆದಳು. ಆಕೆಯ ದೊಡ್ಡತನ ಯಂತ್ರದ ವರ್ಣನೆಯಲ್ಲಿಲ್ಲ, ಜೀವ ಕೊಟ್ಟವನೇ ತನ್ನ ಸೃಷ್ಟಿಯನ್ನು ಕೈಬಿಟ್ಟರೆ ಏನಾಗುತ್ತದೆ ಎಂದು ಕೇಳಿದ್ದರಲ್ಲಿದೆ. ಮುಂದೆ ಜೂಲ್ಸ್ ವರ್ನ್, ಎಚ್.ಜಿ. ವೆಲ್ಸ್ ಬಂದರು.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಬೇಗಂ ರುಕಿಯಾ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂತು. ಅಲ್ಲಿ ಹೆಂಗಸರು ಬಿಸಿಲಿನ ಶಾಖವನ್ನು ಬಳಸಿ ನಾಡನ್ನಾಳುತ್ತಾರೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದೂ ಅದೇ ವರ್ಷ! ಕನ್ನಡದಲ್ಲಿ ಈ ಪ್ರಕಾರವನ್ನು ಶ್ರದ್ಧೆಯಿಂದ ಬೆಳೆಸಿದವರು ರಾಜಶೇಖರ ಭೂಸನೂರಮಠ. ಅವರಿಗೆ ಸಿಗಬೇಕಾದಷ್ಟು ಓದುಗರು ಸಿಗಲಿಲ್ಲವೆಂಬುದು ನನ್ನ ಕೊರಗು.

ನೀವೂ ಬರೆಯಿರಿ. ಮದ್ದೂರಿನ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಿಡುವ ತೀರ್ಮಾನವನ್ನು ಒಂದು ಕಂಪ್ಯೂಟರಿಗೇ ಒಪ್ಪಿಸಿದರೆ, ಕೊನೆಯ ಹಳ್ಳಿಯ ರೈತ ಅದರೊಡನೆ ಹೇಗೆ ವಾದಿಸುತ್ತಾನೆ?