ನಿನ್ನೆ ಓಡಿದ ಪ್ರೋಗ್ರಾಂ ಇವತ್ತೇಕೆ ಓಡದು?

ಬಿಸಿಎ ಓದಿದವರಿಗೆಲ್ಲ ಲ್ಯಾಬ್ ರೆಕಾರ್ಡ್ ಗೊತ್ತು. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈದಾಟುತ್ತಾ ಬರುವ ಆ ಪುಸ್ತಕದಲ್ಲಿ ಪ್ರೋಗ್ರಾಂಗಳ ಜೊತೆ ತಪ್ಪುಗಳೂ ಇಳಿದು ಬರುತ್ತವೆ. ವಾರ್ನಿಂಗ್ ಬಂದರೇನಂತೆ, ಓಡುತ್ತದಲ್ಲ ಎಂಬುದೇ ಎಲ್ಲರ ಧೈರ್ಯ. 2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ 14 ಕಂಪೈಲರ್ ಈ ಧೈರ್ಯಕ್ಕೆ ತಡೆ ಹಾಕಿತು.

ನಮ್ಮೂರು ಹೆಮ್ಮರಗಾಲದಲ್ಲಿ ಈ ಸುದ್ದಿ ತಿಳಿದದ್ದು ಚಿಕ್ಕಪ್ಪನ ಸಿಟ್ಟಿನಿಂದ. ಮಗಳಿಗೆಂದು ಅವರು ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದರು. ವಿಂಡೋಸ್‌ಗೆ ಬೇರೆ ದುಡ್ಡು ಯಾಕೆಂದು ಡೆಬಿಯನ್ 13 ಹಾಕಿಸಿದ್ದರು. ಕಾಲೇಜಿನ ಉಬುಂಟು 22.04ರಲ್ಲಿ ಸರಾಗವಾಗಿ ಓಡುತ್ತಿದ್ದ ಮೊದಲ ಪ್ರೋಗ್ರಾಮೇ ಮನೆಯಲ್ಲಿ ಎರರ್ ಕೊಟ್ಟಿತು.

"ಅಂಗಡಿಯವ್ನು ಕೆಟ್ಟೋಗಿರೋದ ಕೊಟ್ಟವ್ನೆ. ನಾಳೆ ಬಸ್ಸಲ್ಲಿ ತಕ್ಕೊಂಡೋಗಿ ವಾಪಸ್ ಕೊಟ್ಬುಡ್ತೀನಿ."

"ಇರಿ ಚಿಕ್ಕಪ್ಪ, ಒಂದ್ಸಲ ನೋಡ್ತೀನಿ" ಎಂದೆ.

ಕಂಪೈಲರ್ ವರ್ಷನ್ ಕೇಳಿದಾಗಲೇ ಅರ್ಧ ಉತ್ತರ ಸಿಕ್ಕಿತು. ಲ್ಯಾಬಿನಲ್ಲಿ ಜಿಸಿಸಿ 11, ಇಲ್ಲಿ 14. ರೆಕಾರ್ಡಿನಲ್ಲಿ ಬರೀ 'ಮೇನ್()' ಎಂದಿತ್ತು, ಮುಂದೆ 'ಇಂಟ್' ಇರಲಿಲ್ಲ. ಟೈಪ್ ಬರೆಯದಿದ್ದರೆ ಇಂಟ್ ಎಂದು ಊಹಿಸಿಕೊಳ್ಳುವ ಪದ್ಧತಿಯನ್ನು 1999ರ ಸಿ ಮಾನದಂಡವೇ ಕೈಬಿಟ್ಟಿತ್ತು. ಹಳೆಯ ಕೋಡ್ ನಿಲ್ಲಬಾರದೆಂದು ಜಿಸಿಸಿ ಮಾತ್ರ ಇಷ್ಟು ವರ್ಷ ವಾರ್ನಿಂಗ್ ಕೊಟ್ಟು ಬಿಡುತ್ತಿತ್ತು. 14ರಿಂದ ಅದು ಎರರ್. ಡಿಕ್ಲೇರ್ ಮಾಡದ ಫಂಕ್ಷನ್ ಕರೆದರೂ ಅಷ್ಟೇ.

ಇಷ್ಟು ಬಿಗಿ ಬೇಕಿತ್ತೇ? ಬೇಕಿತ್ತು ಅನ್ನಿಸಿದ್ದು ನೆಟ್‌ವರ್ಕ್ ಲ್ಯಾಬಿನ ಪ್ರೋಗ್ರಾಂ ನೋಡಿದಾಗ. ಐಪಿ ವಿಳಾಸವನ್ನು ಅಕ್ಷರರೂಪಕ್ಕೆ ತರುವ 'ಇನೆಟ್_ಎನ್‌ಟಿಒಎ' ಫಂಕ್ಷನ್ ಅದರಲ್ಲಿತ್ತು, ಅದಕ್ಕೆ ಬೇಕಾದ ಹೆಡರ್ ಇರಲಿಲ್ಲ. "ಇದು ಲ್ಯಾಬಲ್ಲೂ ಕ್ರ್ಯಾಶ್ ಆಗುತ್ತೆ ಅಕ್ಕ. ಔಟ್‌ಪುಟ್ ರೆಕಾರ್ಡ್ ನೋಡಿ ಬರ್ಕೋತೀವಿ" ಎಂದಳು ತಂಗಿ, ಏನೂ ವಿಶೇಷವಿಲ್ಲ ಎಂಬಂತೆ! ಹೆಡರ್ ಇಲ್ಲದಿದ್ದರೆ ಹಳೆಯ ಕಂಪೈಲರ್, ಈ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ಊಹಿಸುತ್ತದೆ. ಅದು ನಿಜವಾಗಿ ಕೊಡುವುದು ಪಾಯಿಂಟರ್. 32 ಬಿಟ್ ಯಂತ್ರದಲ್ಲಿ ಎರಡೂ 4 ಬೈಟ್, ಹಾಗಾಗಿ ಊಹೆ ತಪ್ಪಿದ್ದರೂ ಕೆಲಸ ನಡೆಯುತ್ತಿತ್ತು. 64 ಬಿಟ್‌ನಲ್ಲಿ ಪಾಯಿಂಟರ್ 8 ಬೈಟ್, ಇಂಟ್ ಇನ್ನೂ 4. ವಿಳಾಸದ ಅರ್ಧಭಾಗ ಕತ್ತರಿಸಿಹೋಗಿ ಪ್ರೋಗ್ರಾಂ ಬೀಳುತ್ತದೆ. ಎಷ್ಟು ಬ್ಯಾಚ್‌ಗಳು ಈ ಔಟ್‌ಪುಟ್ ಅನ್ನು ಕಣ್ಣಾರೆ ಕಾಣದೆ ಬರೆದವೋ. ಒಂದು ಹೆಡರ್ ಸಾಲು ಸೇರಿಸಿದೆವು, ಓಡಿತು.

ಅವಸರಕ್ಕೆ ದಾರಿಯಿದೆ. '-ಎಸ್‌ಟಿಡಿ=ಜಿಎನ್‌ಯು89' ಎಂದು ಸೇರಿಸಿದರೆ ಜಿಸಿಸಿ 14 ಕೂಡ ಹಳೆಯ ರೂಢಿಗೆ ಮರಳುತ್ತದೆ. ನಾಳೆಯೇ ಸಬ್‌ಮಿಷನ್ ಇದ್ದವರು ಬಳಸಿಕೊಳ್ಳಿ. ಆದರೆ ನೆಟ್‌ವರ್ಕ್ ಪ್ರೋಗ್ರಾಂ ಆಗ ಕಂಪೈಲ್ ಆಗಿ, ಮತ್ತೆ ಕ್ರ್ಯಾಶ್ ಆಗುತ್ತದೆ. ಕೆಲಸಕ್ಕಾಗಿ ಆನ್‌ಲೈನ್ ಕೋಡಿಂಗ್ ಟೆಸ್ಟ್ ಬರೆಯುವವರು ಅಲ್ಲಿನ ಕಂಪೈಲರ್ ವರ್ಷನ್ ಯಾವುದೆಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ '-ವಾಲ್' ಹಾಕಿ ಕಂಪೈಲ್ ಮಾಡಿ, ಬಂದ ವಾರ್ನಿಂಗ್‌ಗಳನ್ನು ಓದಿ.

2025ರ ಏಪ್ರಿಲ್‌ನಲ್ಲಿ ಜಿಸಿಸಿ 15 ಬಂದಿದೆ. ಅದು ಸಿ23 ಮಾನದಂಡವನ್ನೇ ಮೂಲವಾಗಿ ಹಿಡಿಯುತ್ತದೆ. 'ಬೂಲ್' ಈಗ ಭಾಷೆಯದೇ ಪದ, ನಾವಾಗಿ ಆ ಹೆಸರಿನ ಟೈಪ್ ಮಾಡಿಕೊಳ್ಳುವಂತಿಲ್ಲ. ತಂಗಿಯ ರೆಕಾರ್ಡಿನ ಸ್ಟ್ಯಾಕ್ ಪ್ರೋಗ್ರಾಮಿನಲ್ಲಿ 'ಟೈಪ್‌ಡೆಫ್ ಇಂಟ್ ಬೂಲ್' ಎಂಬ ಸಾಲಿದೆ. ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿಟ್ಟಿದ್ದೇವೆ, ಮುಂದಿನ ಜೂನಿಯರ್‌ಗೆ.