ನಿಮಗಿದು ಗೊತ್ತೇ? ಮನಸ್ಸು ಕುಗ್ಗಿದರೆ ಹೃದಯಕ್ಕೂ ಪೆಟ್ಟು

● 1994ರ ಜನವರಿ 17ರ ನಸುಕಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶ ಭೂಕಂಪಕ್ಕೆ ನಡುಗಿತು. ಅಲ್ಲಿ ದಿನಕ್ಕೆ ಸರಾಸರಿ ಐದರ ಆಸುಪಾಸಿನಲ್ಲಿದ್ದ ಹೃದಯ ಸಂಬಂಧಿ ಹಠಾತ್ ಸಾವುಗಳು ಅಂದು 24ಕ್ಕೆ ಏರಿದವು. ಮೈಗೆ ವಿಪರೀತ ಶ್ರಮವಾಗಿ ಸತ್ತವರು ಅವರಲ್ಲಿ ಬೆರಳೆಣಿಕೆಯಷ್ಟೇ.

● 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ತಂಡ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಹೆಚ್ಚಾದವು.

● ಆಪ್ತರ ಸಾವಿನ ಸುದ್ದಿ ಕೇಳಿ ಎದೆ ಹಿಡಿದುಕೊಂಡು ಕುಸಿಯುವವರುಂಟು. ಇಸಿಜಿ ನೋಡಿದರೆ ಹೃದಯಾಘಾತದಂತೆಯೇ ಇರುತ್ತದೆ. ಆಂಜಿಯೋಗ್ರಾಂನಲ್ಲಿ ಮಾತ್ರ ಅದಕ್ಕೆ ತಕ್ಕ ಬ್ಲಾಕ್ ಸಿಗುವುದಿಲ್ಲ. ಹೃದಯದ ಎಡ ಕೋಣೆಯ ತುದಿ ಬಲೂನಿನಂತೆ ಉಬ್ಬಿರುತ್ತದೆ. 1990ರಲ್ಲಿ ಇದನ್ನು ವಿವರಿಸಿದ ಜಪಾನಿ ವೈದ್ಯರಿಗೆ ಆ ಆಕಾರ ಆಕ್ಟೋಪಸ್ ಹಿಡಿಯುವ ಮಡಕೆಯಂತೆ ಕಂಡಿತು. ಹಾಗಾಗಿ ಅದರ ಹೆಸರು ‘ತಾಕೋತ್ಸುಬೋ’. ಹತ್ತರಲ್ಲಿ ಒಂಬತ್ತು ರೋಗಿಗಳು ಮಹಿಳೆಯರು, ಬಹುಪಾಲು ಮುಟ್ಟು ನಿಂತವರು. ಹೆಚ್ಚಿನವರ ಹೃದಯ ಕೆಲ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ.

● ಹೃದಯಾಘಾತದ ಕಾರಣಗಳನ್ನು ಹುಡುಕಿದ ‘ಇಂಟರ್‌ಹಾರ್ಟ್’ ಅಧ್ಯಯನಕ್ಕೆ 52 ದೇಶಗಳ ಸುಮಾರು 30 ಸಾವಿರ ಜನ ಒಳಪಟ್ಟಿದ್ದರು. 2004ರ ಅದರ ವರದಿ ಹೆಸರಿಸಿದ ಒಂಬತ್ತು ಮುಖ್ಯ ಅಪಾಯಗಳಲ್ಲಿ ಬೀಡಿ-ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆಯ ಸಾಲಿನಲ್ಲೇ ಮಾನಸಿಕ ಒತ್ತಡ, ಖಿನ್ನತೆಗಳೂ ಇವೆ. ಅಧ್ಯಯನದ ಮುಂದಾಳು ಡಾ. ಸಲೀಂ ಯೂಸುಫ್ ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ.

● ಒತ್ತಡದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ. ನಾಡಿ ಓಡುತ್ತದೆ, ಬಿಪಿ ಹೆಚ್ಚುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಖಿನ್ನತೆಯಲ್ಲಿ ನಿದ್ದೆ ಕೆಡುತ್ತದೆ, ನಡಿಗೆ ನಿಲ್ಲುತ್ತದೆ, ಮಾತ್ರೆ ತಪ್ಪುತ್ತದೆ.

● ಈ ಸಂಗತಿಯನ್ನು ಮಾತ್ರ ಪ್ರತಿ ಮನೆಯವರೂ ತಿಳಿದಿರಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ತಂಡ ಹೃದಯಾಘಾತವಾದ 222 ಜನರ ಮೇಲೆ ನಿಗಾ ಇಟ್ಟಿತು. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆಸ್ಪತ್ರೆಯಲ್ಲೇ ತೀವ್ರ ಖಿನ್ನತೆಗೆ ಒಳಗಾದವರು ಆರು ತಿಂಗಳೊಳಗೆ ಸಾಯುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ನಮ್ಮಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವರನ್ನು ನೋಡಲು ನೆಂಟರು ಎಳನೀರು ಹಿಡಿದು ಬರುತ್ತಾರೆ, ಬಿಪಿ ಎಷ್ಟು, ಶುಗರ್ ಎಷ್ಟು ಎಂದು ವಿಚಾರಿಸುತ್ತಾರೆ. ಅವರು ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿದರೆ ‘ಸುಸ್ತು ಇರುತ್ತೆ ಬಿಡಿ’ ಎನ್ನುತ್ತೇವೆ. ಅದು ಸುಸ್ತಲ್ಲದೆಯೂ ಇರಬಹುದು.

● ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಹೃದಯವೂ ಉಳಿಯುತ್ತದೆಯೇ? ಹೃದಯಾಘಾತವಾದ 2,481 ಜನರ ಮೇಲೆ ಅಮೆರಿಕದಲ್ಲಿ ನಡೆದ ‘ಎನ್‌ರಿಚ್ಡ್’ ಪ್ರಯೋಗದಲ್ಲಿ (2003) ಆಪ್ತ ಸಮಾಲೋಚನೆಯಿಂದ, ಬೇಕಾದವರಿಗೆ ಮಾತ್ರೆಯಿಂದ ಮನಸ್ಸು ಹಗುರಾಯಿತು. ಸಾವು, ಮರು ಆಘಾತಗಳು ತಗ್ಗಲಿಲ್ಲ. ಹಾಗೆಂದು ಚಿಕಿತ್ಸೆ ವ್ಯರ್ಥವೆನ್ನಲು ನಾನು ಒಪ್ಪುವುದಿಲ್ಲ. ಬದುಕಿರುವಷ್ಟು ದಿನ ನೆಮ್ಮದಿಯಾಗಿರುವುದೂ ರೋಗಿಯ ಹಕ್ಕೇ.

● ಮೊದಲ ತಪಾಸಣೆಗೆ ಎರಡೇ ಪ್ರಶ್ನೆ ಸಾಕು. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ? ಬೇಸರ, ಹತಾಶೆ ಕಾಡಿತ್ತೇ? ಹೌದು, ಹೆಚ್ಚು ದಿನ ಎಂದಾದರೆ ಮುಂದಿನ ಭೇಟಿಯಲ್ಲಿ ಹೃದಯದ ವೈದ್ಯರಿಗೇ ಹೇಳಿ. ಕೇಂದ್ರ ಸರ್ಕಾರದ ‘ಟೆಲಿ ಮನಸ್’ ಉಚಿತ ಸಹಾಯವಾಣಿ 14416ರಲ್ಲಿ ಹಗಲು-ರಾತ್ರಿ ಕನ್ನಡದಲ್ಲೂ ಮಾತಾಡಬಹುದು.