ತೆಂಗಿನ ಸೀಮೆಯ ದೂಳು, ಕಾರಿನ ಉಸಿರು: ಏರ್ ಫಿಲ್ಟರ್ ಆಯ್ಕೆ ಹೇಗೆ?

ತಿಪಟೂರು: ತುಮಕೂರು–ಶಿವಮೊಗ್ಗ ಹೆದ್ದಾರಿಯ ಕಿಬ್ಬನಹಳ್ಳಿ ಕ್ರಾಸ್‌ನಿಂದ ಒಂದು ಕಡೆ ತುರುವೇಕೆರೆಗೂ ಮತ್ತೊಂದು ಕಡೆ ಚಿಕ್ಕನಾಯಕನಹಳ್ಳಿಗೂ ಹೊರಳುವ ವಾಹನಗಳು ಎರಡು ಬಗೆಯ ದೂಳನ್ನು ಎದುರಿಸಬೇಕು. ಒಂದು, ತೋಟದ ದಾರಿಗಳ ಕೆಮ್ಮಣ್ಣಿನ ದೂಳು. ಇನ್ನೊಂದು, ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಘಟಕಗಳ ಸುತ್ತ ಹಾರಾಡುವ ನಾರಿನ ಪುಡಿ. ಎಂಜಿನ್‌ಗೆ ಇವೆರಡರಿಂದ ಆಗುವ ತೊಂದರೆ ಒಂದೇ ತೆರನಾದುದಲ್ಲ. ‘ಗಾಳಿ ಸರಾಗವಾಗಿ ಹರಿದರೆ ಶಕ್ತಿ ಹೆಚ್ಚುತ್ತದೆ’ ಎಂಬ ಪ್ರಚಾರವನ್ನು ನಂಬಿ ದುಬಾರಿ ಫಿಲ್ಟರ್ ಕೊಳ್ಳುವ ಮುನ್ನ ಈ ವ್ಯತ್ಯಾಸವನ್ನು ಅರಿಯುವುದು ಒಳಿತು.

ಎಂಜಿನ್ ಸೇವಿಸುವ ಗಾಳಿ

1 ಕೆ.ಜಿ. ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಅಂದರೆ 1 ಲೀಟರ್ ಪೆಟ್ರೋಲ್‌ಗೆ 9 ಸಾವಿರ ಲೀಟರ್‌ಗೂ ಹೆಚ್ಚು ಗಾಳಿ. 35 ಲೀಟರ್ ಹಿಡಿಸುವ ಟ್ಯಾಂಕ್ ಒಮ್ಮೆ ಬರಿದಾಗುವಷ್ಟರಲ್ಲಿ 3 ಲಕ್ಷ ಲೀಟರ್‌ಗಿಂತ ಹೆಚ್ಚು ಗಾಳಿ ಎಂಜಿನ್‌ನೊಳಗೆ ಹೋಗಿರುತ್ತದೆ. ಆ ಗಾಳಿಯಲ್ಲಿರುವ ದೂಳನ್ನು ತಡೆಯುವ ಏಕೈಕ ಗೋಡೆ ಎಂದರೆ ಏರ್ ಫಿಲ್ಟರ್.

ಎರಡು ದೂಳು, ಎರಡು ಹಾನಿ

ಮಣ್ಣಿನ ದೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಇವು ಎಂಜಿನ್‌ನ ಎರಕದ ಕಬ್ಬಿಣಕ್ಕಿಂತಲೂ ಗಟ್ಟಿ. ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ನಡುವಿನ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಅಲ್ಲಿ ಸೇರುವ ಕಣ ಉಪ್ಪುಕಾಗದದಂತೆ ಲೋಹವನ್ನು ಉಜ್ಜುತ್ತದೆ. ಪರಿಣಾಮ ಕೂಡಲೇ ಕಾಣುವುದಿಲ್ಲ. ಮೊದಲು ಎಂಜಿನ್ ಆಯಿಲ್ ಬೇಗ ಕಡಿಮೆಯಾಗುತ್ತದೆ, ನಂತರ ನೀಲಿ ಹೊಗೆ ಬರುತ್ತದೆ, ಕೊನೆಗೆ ಎಂಜಿನ್ ಬಿಚ್ಚಬೇಕಾಗುತ್ತದೆ. ತುಮಕೂರು ಜಿಲ್ಲೆಯ ಗಣಿಗಾರಿಕೆಗೆ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡುವ ಮುನ್ನ ಚಿಕ್ಕನಾಯಕನಹಳ್ಳಿ ಭಾಗದ ರಸ್ತೆಗಳಲ್ಲಿ ಇದರೊಂದಿಗೆ ಅದಿರಿನ ದೂಳೂ ಬೆರೆತಿತ್ತು.

ತೆಂಗಿನ ನಾರಿನ ಪುಡಿ ಮೆದುವಾದುದು. ಅದು ಲೋಹವನ್ನು ಸವೆಸುವುದಿಲ್ಲ. ಆದರೆ ಫಿಲ್ಟರ್‌ನ ಮಡಿಕೆಗಳ ಮೇಲೆ ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುವ ಗುಣ ಅದಕ್ಕಿರುವುದರಿಂದ ಮಳೆಗಾಲದಲ್ಲಿ ಈ ಹೊದಿಕೆ ತೇವಗೊಂಡು ಗಾಳಿಯ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ. ಮಣ್ಣಿನ ದೂಳಿಗೆ ಸೂಕ್ಷ್ಮವಾಗಿ ಸೋಸುವ ಫಿಲ್ಟರ್ ಬೇಕು. ನಾರಿನ ಪುಡಿಗೆ ಮೇಲಿಂದ ಮೇಲೆ ಪರೀಕ್ಷೆ ಬೇಕು. ಈ ಸೀಮೆಯಲ್ಲಿ ಎರಡೂ ಅಗತ್ಯ.

ಗಾಳಿ ಹೆಚ್ಚಿದರೆ ಶಕ್ತಿ ಹೆಚ್ಚುವುದೇ?

ಪೆಟ್ರೋಲ್ ಕಾರು ಸಾಮಾನ್ಯ ವೇಗದಲ್ಲಿ ಸಾಗುವಾಗ ಗಾಳಿಯನ್ನು ತಡೆಹಿಡಿಯುವುದು ಮುಖ್ಯವಾಗಿ ಥ್ರಾಟಲ್ ಕವಾಟ, ಫಿಲ್ಟರ್ ಅಲ್ಲ. ಫಿಲ್ಟರ್ ತುಸು ಕಟ್ಟಿಕೊಂಡರೆ ಚಾಲಕ ಪೆಡಲನ್ನು ಇನ್ನಷ್ಟು ಒತ್ತುತ್ತಾನೆ, ಕವಾಟ ಅಷ್ಟೇ ಹೆಚ್ಚು ತೆರೆಯುತ್ತದೆ. ಒಳಬಂದ ಗಾಳಿಗೆ ತಕ್ಕಷ್ಟೇ ಇಂಧನವನ್ನು ಕಂಪ್ಯೂಟರ್ ಒದಗಿಸುತ್ತದೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಇಂಧನ ಇಂಜೆಕ್ಷನ್ ಇರುವ ಆಧುನಿಕ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಬದಲಿಸಿದರೂ ಮೈಲೇಜ್ ಗಮನಾರ್ಹವಾಗಿ ಹೆಚ್ಚಲಿಲ್ಲ; ವೇಗ ಹೆಚ್ಚಿಸಿಕೊಳ್ಳುವ ಸಾಮರ್ಥ್ಯ ಮಾತ್ರ ಶೇ 6ರಿಂದ 11ರಷ್ಟು ಸುಧಾರಿಸಿತು. ಕಾರ್ಬ್ಯುರೇಟರ್ ಕಾಲದ ಹಳೆಯ ಕಾರುಗಳಲ್ಲಿ ಮೈಲೇಜ್ ಕೂಡ ಸುಧಾರಿಸುವುದುಂಟು.

ಇಲ್ಲಿ ಹೋಲಿಸಿದ್ದು ಕಟ್ಟಿಕೊಂಡ ಫಿಲ್ಟರ್ ಮತ್ತು ಹೊಸ ಫಿಲ್ಟರ್‌ಗಳನ್ನು ಎಂಬುದು ಗಮನಾರ್ಹ. ಶುಭ್ರವಾದ ಮೂಲ ಫಿಲ್ಟರನ್ನು ತೆಗೆದು ‘ಹೈ ಫ್ಲೋ’ ಫಿಲ್ಟರ್ ಹಾಕಿದರೆ ದಿನಬಳಕೆಯ ಕಾರಿಗೆ ಸಿಗುವ ಲಾಭ ಬಲು ಅಲ್ಪ. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ಕಡಿಮೆಯಾದರೆ ಕಪ್ಪು ಹೊಗೆ ಹೆಚ್ಚಬಹುದು, ಟರ್ಬೊ ಮೇಲೆ ಹೊರೆ ಬೀಳಬಹುದು. ಆದ್ದರಿಂದ ಡೀಸೆಲ್ ವಾಹನದ ಮಾಲೀಕರು ಹೆಚ್ಚು ಎಚ್ಚರ ವಹಿಸಬೇಕು.

ಯಾವ ಫಿಲ್ಟರ್ ಸೂಕ್ತ?

ಫಿಲ್ಟರನ್ನು ಅಳೆಯುವ ಗುಣಗಳು ಮೂರು: ದೂಳನ್ನು ಎಷ್ಟು ತಡೆಯುತ್ತದೆ, ಎಷ್ಟು ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾಳಿಗೆ ಎಷ್ಟು ಅಡ್ಡಿಯಾಗುತ್ತದೆ. ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ಅಳೆಯುವುದು ಇವನ್ನೇ. ಒಂದೇ ಅಳತೆಯ ಫಿಲ್ಟರ್‌ನಲ್ಲಿ ಅಡ್ಡಿಯನ್ನು ಕಡಿಮೆ ಮಾಡಹೊರಟರೆ ಸಾಮಾನ್ಯವಾಗಿ ಉಳಿದೆರಡರಲ್ಲಿ ಒಂದಕ್ಕೆ ಪೆಟ್ಟು ಬೀಳುತ್ತದೆ.

ಕಾಗದದ ಫಿಲ್ಟರ್: ಬಹುತೇಕ ಕಾರುಗಳಿಗೆ ಕಂಪನಿಯೇ ಅಳವಡಿಸುವುದು ಇದನ್ನು. ಸೂಕ್ಷ್ಮ ದೂಳನ್ನು ಚೆನ್ನಾಗಿ ತಡೆಯುತ್ತದೆ. ದೂಳಿನ ತೆಳು ಪದರ ಕೂತಂತೆ ಸೋಸುವ ಶಕ್ತಿ ಇನ್ನೂ ಹೆಚ್ಚುತ್ತದೆ. ಇಲ್ಲಿನ ರಸ್ತೆಗಳಿಗೆ ಇದೇ ಸೂಕ್ತ.

ಎಣ್ಣೆ ಸವರಿದ ಹತ್ತಿಯ ಫಿಲ್ಟರ್: ತೊಳೆದು ಮತ್ತೆ ಬಳಸಬಹುದು, ಗಾಳಿಗೆ ಅಡ್ಡಿ ಕಡಿಮೆ. ಆದರೆ ಎಣ್ಣೆ ಕಡಿಮೆಯಾದರೆ ದೂಳು ನುಸುಳುತ್ತದೆ. ಹೆಚ್ಚಾದರೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಮೇಲೆ ಅಂಟುವ ಅಪಾಯವಿದೆ. ನಾರಿನ ಪುಡಿ ಎಣ್ಣೆಗೆ ಅಂಟಿಕೊಂಡರೆ ತೊಳೆಯುವ ಕೆಲಸವೂ ಹೆಚ್ಚು.

ತೆರೆದ ಶಂಕುವಿನಾಕಾರದ ಫಿಲ್ಟರ್: ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಸದ್ದು ಹೆಚ್ಚುತ್ತದೆಯೇ ಹೊರತು ಶಕ್ತಿ ಹೆಚ್ಚಬೇಕೆಂದಿಲ್ಲ.

ತೋಟದ ಟ್ರ್ಯಾಕ್ಟರ್‌ಗಳಲ್ಲಿ ಕಾಣುವ, ಎಣ್ಣೆಯ ಬಟ್ಟಲುಳ್ಳ ಏರ್ ಕ್ಲೀನರ್ ರೈತರಿಗೆ ಪರಿಚಿತ. ಉಳುಮೆಯ ದಿನಗಳಲ್ಲಿ ಅದರ ಎಣ್ಣೆಯನ್ನು ಆಗಾಗ ನೋಡುವ ರೈತ ಕಾರಿನ ಫಿಲ್ಟರ್ ವಿಷಯದಲ್ಲಿಯೂ ಅದೇ ಶಿಸ್ತನ್ನು ಪಾಲಿಸಿದರೆ ಸಾಕು.

ಕೊಳ್ಳುವಾಗ, ಬಳಸುವಾಗ

* ಕಾರಿನ ಮಾದರಿಗೆ ನಿಗದಿಯಾದ ಪಾರ್ಟ್ ನಂಬರ್ ನೋಡಿಯೇ ಕೊಳ್ಳಿ. ಮಡಿಕೆಗಳು ಸಮವಾಗಿರಲಿ, ಅಂಚಿನ ರಬ್ಬರ್ ಮೃದುವಾಗಿ, ಬಿರುಕಿಲ್ಲದೆ ಇರಲಿ. ಅಂಚಿನಲ್ಲಿ ಸಂದು ಉಳಿದರೆ ಎಷ್ಟೇ ಒಳ್ಳೆಯ ಫಿಲ್ಟರ್ ಆದರೂ ವ್ಯರ್ಥ.

* ಹಳೆಯದನ್ನು ತೆಗೆದಾಗ ಎಂಜಿನ್ ಕಡೆಯ ಪೈಪ್‌ನ ಒಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ದೂಳು ಸಿಕ್ಕರೆ ಸೋರಿಕೆ ಇದೆ ಎಂದೇ ಅರ್ಥ.

* ಕೈಪಿಡಿಯಲ್ಲಿ ದೂಳಿನ ರಸ್ತೆಗಳಿಗೆಂದು ಪ್ರತ್ಯೇಕವಾಗಿ ನಮೂದಿಸಿದ ಕಡಿಮೆ ಅಂತರವನ್ನೇ ಅನುಸರಿಸಿ. ನಾರಿನ ಘಟಕಗಳ ಬಳಿ ನಿತ್ಯ ಓಡಾಡುವವರು ಅದಕ್ಕೂ ಮೊದಲೇ ತೆರೆದು ನೋಡುವುದು ಲೇಸು.

* ಮೇಲೆ ಕೂತ ನಾರನ್ನು ಮೆಲ್ಲಗೆ ತಟ್ಟಿ ಉದುರಿಸಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ. ಪಂಕ್ಚರ್ ಅಂಗಡಿಯ ಬಿರುಸು ಗಾಳಿ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಮಾಡಬಲ್ಲದು.

* ಕೊಬ್ಬರಿ ದಾಸ್ತಾನಿನ ಬಳಿ ಕಾರು ನಿಲ್ಲಿಸುವವರು ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿದೆಯೇ ಎಂದು ಪರೀಕ್ಷಿಸಬೇಕು.

ಕಾರಿನೊಳಗಿನ ಪ್ರಯಾಣಿಕರಿಗೆ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬೇರೆಯೇ ವಸ್ತು. ಅದರಿಂದ ಎಂಜಿನ್‌ಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ವಾಸನೆ ಹೀರುವ ಕೆಲವು ಕ್ಯಾಬಿನ್ ಫಿಲ್ಟರ್‌ಗಳಲ್ಲಿ ಬಳಸುವ ಸಕ್ರಿಯ ಇದ್ದಿಲನ್ನು ತೆಂಗಿನ ಚಿಪ್ಪಿನಿಂದಲೂ ತಯಾರಿಸುತ್ತಾರೆ ಎಂಬುದು ಈ ಸೀಮೆಯವರಿಗೆ ಕುತೂಹಲದ ಸಂಗತಿ.

ಸಾಮಾನ್ಯ ಕಾರಿನ ಕಾಗದದ ಫಿಲ್ಟರ್‌ಗೆ ತಗಲುವುದು ಕೆಲವು ನೂರು ರೂಪಾಯಿ. ಸವೆದ ಎಂಜಿನ್ ದುರಸ್ತಿಗೆ ಹಲವು ಸಾವಿರ. ಗಾಳಿಯ ಹರಿವನ್ನು ಹೆಚ್ಚಿಸಲು ಇಲ್ಲಿ ಅತ್ಯಂತ ಅಗ್ಗದ ಹಾಗೂ ಸುರಕ್ಷಿತ ಉಪಾಯವೆಂದರೆ ಸರಿಯಾದ ಅಳತೆಯ ಶುಭ್ರ ಫಿಲ್ಟರನ್ನು ಸಕಾಲದಲ್ಲಿ ಹಾಕುವುದು.